ಸೀಬೆ ಜಾಮು ತುಂಬಿದ ಬಿಸ್ಕತ್ತು: ಮನೆಯಲ್ಲಿ ಮಾಡುವ ಕ್ರಮ

ಸೀಬೆಹಣ್ಣಿಗೆ ಗಡಿಯ ಉದ್ದಕ್ಕೂ ಹಲವು ಹೆಸರು. ನಮ್ಮ ಮಡಕಶಿರದ ಕಡೆಯ ಕನ್ನಡ ಮನೆಗಳಲ್ಲಿ ಅದು ಸೀಬೆ; ಸಂತೆಗೆ ಹೋದರೆ ತೆಲುಗಿನಲ್ಲಿ ಜಾಮ. ಸೊಲ್ಲಾಪುರ, ಜತ್ತದ ಕಡೆಯ ನಮ್ಮವರು ಪೇರಲ ಎಂದರೆ ಮರಾಠಿಯವರು ಪೇರು ಎನ್ನುತ್ತಾರೆ. ಕಾಸರಗೋಡಿನಲ್ಲಿ ಪೇರಳೆ. ಹೊಸೂರು, ತಾಳವಾಡಿಯ ತಮಿಳರ ಬಾಯಲ್ಲಿ ಕೊಯ್ಯಾ. ಹೆಸರು ಎಷ್ಟಿದ್ದರೂ ಹಣ್ಣಿನ ಗತಿ ಮಾತ್ರ ಎಲ್ಲ ಕಡೆಯೂ ಒಂದೇ. ಊರಿನ ಮರಗಳೆಲ್ಲ ಒಂದೇ ಸಲ ಹಣ್ಣು ಬಿಡುತ್ತವೆ. ಬೆಲೆ ಇಳಿಯುತ್ತದೆ. ಕೀಳುವ ಕೂಲಿ, ಬುಟ್ಟಿಯ ಬಸ್ ಚಾರ್ಜು ಕಳೆದರೆ ಕೈಗೆ ಏನೂ ಉಳಿಯುವುದಿಲ್ಲ. ಹಣ್ಣು ಮರದಡಿಯಲ್ಲಿ ಉದುರಿ ಕೊಳೆಯುತ್ತದೆ. ಕೊಳೆತ ಹಣ್ಣಿನಲ್ಲಿ ಹಣ್ಣುನೊಣ ಬೆಳೆದು ಮುಂದಿನ ಬೆಳೆಯನ್ನೂ ಕೆಡಿಸುತ್ತದೆ.

ಇತ್ತ ನಮ್ಮ ಮಕ್ಕಳು ಶಾಲೆಯ ಮುಂದಿನ ಅಂಗಡಿಯಲ್ಲಿ ನಡುವೆ ಕೆಂಪು ಜಾಮಿರುವ ಬಿಸ್ಕತ್ತಿನ ಪೊಟ್ಟಣವನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಮನೆಯ ಹಣ್ಣು ಮಣ್ಣುಪಾಲು, ಮನೆಯ ಕಾಸು ಅಂಗಡಿಪಾಲು. ಈ ಎರಡನ್ನೂ ಒಂದೇ ಒಲೆಯ ಮೇಲೆ ಸರಿಪಡಿಸಬಹುದು. ಜಾಮು ತುಂಬಿದ ಬಿಸ್ಕತ್ತು ದೊಡ್ಡ ಬೇಕರಿಯ ವಿದ್ಯೆಯಲ್ಲ. ಮನೆಯ ತುಪ್ಪ, ಹಿಟ್ಟು, ಸಕ್ಕರೆ, ಹಿತ್ತಲ ಹಣ್ಣು ಮತ್ತು ಒಂದು ದಪ್ಪ ತಳದ ಪಾತ್ರೆ ಇದ್ದರೆ ಸಾಕು. ಅದನ್ನು ಮಾಡುವ ಕ್ರಮವನ್ನೂ ಪ್ರತಿಯೊಂದು ಹಂತದ ಕಾರಣವನ್ನೂ ಇಲ್ಲಿ ವಿವರಿಸುತ್ತೇವೆ.

ಈ ತಿನಿಸು ಮೂಲದಲ್ಲಿ ಯೂರೋಪಿನ ಚಳಿ ದೇಶಗಳದ್ದು. ಸ್ವೀಡನ್ನಿನಲ್ಲಿ ಹಿಟ್ಟಿನ ಉಂಡೆಯ ನಡುವೆ ಕುಳಿ ಮಾಡಿ ರಾಸ್ಪ್‌ಬೆರಿ ಹಣ್ಣಿನ ಜಾಮು ತುಂಬಿ ಬೇಯಿಸುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥ ‘ರಾಸ್ಪ್‌ಬೆರಿ ಗವಿ’. ಆಸ್ಟ್ರಿಯಾದ ಲಿಂಟ್ಸ್ ಊರಿನ ಹೆಸರು ಹೊತ್ತ ಬಿಸ್ಕತ್ತಿನಲ್ಲಿ ಎರಡು ಬಿಲ್ಲೆಗಳ ನಡುವೆ ಜಾಮು. ಮೇಲಿನ ಬಿಲ್ಲೆಯ ತೂತಿನಿಂದ ಅದು ಕಾಣುತ್ತದೆ. ಆ ನಾಡುಗಳಲ್ಲಿ ಹಣ್ಣು ಸಿಗುವುದು ಬೇಸಿಗೆಯ ಕೆಲವು ವಾರ ಮಾತ್ರ. ಅದನ್ನು ಸಕ್ಕರೆಯಲ್ಲಿ ಕಾಯಿಸಿ ಚಳಿಗಾಲಕ್ಕೆ ಕಾದಿಟ್ಟರು. ಕಾದಿಟ್ಟದ್ದನ್ನು ಬಿಸ್ಕತ್ತಿಗೆ ತುಂಬಿದರು. ಸುಗ್ಗಿಯ ಹಣ್ಣನ್ನು ಸುಗ್ಗಿ ಕಳೆದ ಮೇಲೂ ಉಣ್ಣುವ ಉಪಾಯವಿದು. ಮಾವಿನ ಹಪ್ಪಳ, ಹುಣಸೆ ತೊಕ್ಕು ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಇದರ ಮರ್ಮ ಹೊಸದೇನಲ್ಲ.

ಎಲ್ಲಕ್ಕೂ ಮೂಲ ನೀರಿನ ಲೆಕ್ಕ

ಇದನ್ನು ಮನೆಯಲ್ಲಿ ಮಾಡಿ ನೋಡಿದವರ ದೂರು ಸಾಮಾನ್ಯವಾಗಿ ಮೂರು. ಜಾಮು ಕುದಿದು ಹೊರಗೆ ಹರಿಯಿತು. ಬಿಸ್ಕತ್ತು ಮರುದಿನವೇ ಮೆತ್ತಗಾಯಿತು. ಜಾಮಿಗೆ ಬೂಸಲು ಬಂತು. ಮೂರು ದೂರಿಗೂ ಹೆಚ್ಚಾಗಿ ಕಾರಣ ಒಂದೇ: ಜಾಮಿನಲ್ಲಿ ಉಳಿದ ನೀರು.

ಸೀಬೆಹಣ್ಣಿನ ತೂಕದಲ್ಲಿ ನೂರಕ್ಕೆ ೮೦ಕ್ಕಿಂತ ಹೆಚ್ಚು ಪಾಲು ನೀರು. ಸಕ್ಕರೆ ಸೇರಿಸಿ ಕುದಿಸಿದಾಗ ನೀರು ಆವಿಯಾಗಿ ಹೋಗುತ್ತದೆ. ಉಳಿದ ನೀರನ್ನು ಸಕ್ಕರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಣ್ಣನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬದುಕಲು ನೀರು ಬೇಕು. ಸಕ್ಕರೆ ಹಿಡಿದಿಟ್ಟ ನೀರು ಅವಕ್ಕೆ ದಕ್ಕುವುದಿಲ್ಲ. ಆದ್ದರಿಂದಲೇ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ೨೦೧೧ರ ನಿಯಮಗಳಲ್ಲಿ ಜಾಮಿನಲ್ಲಿ ಕರಗಿದ ಘನಾಂಶ ನೂರಕ್ಕೆ ೬೫ಕ್ಕಿಂತ ಕಡಿಮೆಯಿರಬಾರದೆಂದು ಹೇಳಿದೆ. ರೊಟ್ಟಿಗೆ ಹಚ್ಚುವ ಜಾಮಿಗೆ ಅಷ್ಟು ಸಾಕು. ಬಿಸ್ಕತ್ತಿನ ಜಾಮು ಮತ್ತೊಮ್ಮೆ ಶಾಖದಲ್ಲಿ ಬೇಯಬೇಕಾದ್ದರಿಂದ ಅದು ಇನ್ನೂ ಗಟ್ಟಿಯಾಗಿರಬೇಕು. ಗೋವೆಯ ಮನೆಗಳಲ್ಲಿ ಸೀಬೆಯಿಂದ ಪೆರಾದ್ ಎಂಬ ಬರ್ಫಿಯಂಥ ತಿನಿಸು ಮಾಡುತ್ತಾರೆ. ಹಚ್ಚುವ ಜಾಮಿಗೂ ಕೊಯ್ಯುವ ಪೆರಾದಿಗೂ ನಡುವಿನ ಹದವೇ ನಮಗೆ ಬೇಕಾದ ಹದ.

ಜಾಮಿಗೆ ಹಣ್ಣು ಆರಿಸುವುದು

ಮಳೆಗಾಲದ ಸೀಬೆ ನೀರುನೀರಾಗಿ ಸಪ್ಪೆಯಿರುತ್ತದೆ; ಹುಳವೂ ಹೆಚ್ಚು. ಚಳಿಗಾಲದ ಬೆಳೆಯ ಹಣ್ಣು ಸಿಹಿ, ಗಟ್ಟಿ. ಜಾಮಿಗೆ ಅದೇ ಉತ್ತಮ. ಬಿಳಿ ತಿರುಳಿನ ಅಲಹಾಬಾದ್ ಸಫೇದಾ, ಲಕ್ನೋ-೪೯ ಜಾತಿಗಳ ಜಾಮು ಹೊಂಬಣ್ಣಕ್ಕೆ ಬರುತ್ತದೆ. ಕೆಂಪು ತಿರುಳಿನ ಹಿತ್ತಲ ಸೀಬೆ ಇಲ್ಲವೆ ಬೆಂಗಳೂರು ಬಳಿಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಿರಣ್ ತಳಿಯಿದ್ದರೆ ಬಣ್ಣ ಹಾಕದೆಯೇ ಜಾಮು ಕೆಂಪಾಗುತ್ತದೆ.

ಹಣ್ಣಿನ ಮುಕ್ಕಾಲು ಪಾಲು ಮಾಗಿದ್ದು, ಕಾಲು ಪಾಲು ದೋರೆಯಾಗಿರಲಿ. ಇದಕ್ಕೆ ಕಾರಣವುಂಟು. ಜಾಮನ್ನು ಹೆಪ್ಪುಗಟ್ಟಿಸುವ ಪೆಕ್ಟಿನ್ ಎಂಬ ಅಂಟಿನಂಥ ವಸ್ತು ಸೀಬೆಯಲ್ಲಿ ಧಾರಾಳವಾಗಿದೆ. ಆದರೆ ಹಣ್ಣು ಅತಿಯಾಗಿ ಮಾಗಿದಂತೆ ಅದರ ಶಕ್ತಿ ಕುಂದುತ್ತದೆ. ಪರಿಮಳಕ್ಕೆ ಮಾಗಿದ ಹಣ್ಣು, ಹೆಪ್ಪಿಗೆ ದೋರೆ. ನೆಲಕ್ಕೆ ಬಿದ್ದು ಹುಳು ಹಿಡಿದ ಹಣ್ಣನ್ನು ಸರ್ವಥಾ ಸೇರಿಸಕೂಡದು; ಅದನ್ನು ಆಳವಾಗಿ ಹೂಳತಕ್ಕದ್ದು.

ಜಾಮು ಮಾಡುವ ಕ್ರಮ

ಒಂದೂಕಾಲು ಕಿಲೋ ಹಣ್ಣನ್ನು ತೊಳೆದು, ತೊಟ್ಟು ತೆಗೆದು, ಸಿಪ್ಪೆ ಸಮೇತ ಹೆಚ್ಚಿ, ಅರ್ಧ ಲೀಟರಿಗೆ ತುಸು ಹೆಚ್ಚು ನೀರು ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ಆರಿದ ಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ತಿಕ್ಕಿ ತಿರುಳನ್ನು ಇಳಿಸಿ. ಬೀಜ, ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ. ಹೀಗೆ ಬಂದ ತಿರುಳಿನಲ್ಲಿ ಸರಿಯಾಗಿ ಒಂದು ಕಿಲೋ ತೂಗಿಕೊಳ್ಳಿ. ಅದಕ್ಕೆ ೭೫೦ ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣಿನ ರಸ.

ಪಾತ್ರೆ ಅಗಲವಾದದ್ದು, ಸ್ಟೀಲಿನದು ಇರಲಿ. ಹುಳಿ ತಾಗುವ ಅಡಿಗೆಗೆ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ತರವಲ್ಲ, ಅಲ್ಯುಮಿನಿಯಮ್ಮೂ ಬೇಡ. ಬಾಯಿ ಅಗಲವಾದಷ್ಟೂ ಆವಿ ಬೇಗ ಹೋಗುತ್ತದೆ; ಬೇಗ ಮುಗಿದಷ್ಟೂ ಬಣ್ಣ, ಪರಿಮಳ ಉಳಿಯುತ್ತದೆ. ಒಲೆಗೆ ಏರಿಸುವ ಮೊದಲು ಬರಿಯ ಪಾತ್ರೆಯನ್ನು ಸೌಟಿನ ಸಮೇತ ತೂಗಿ ಗೋಡೆಯ ಮೇಲೋ ಚೀಟಿಯ ಮೇಲೋ ಬರೆದಿಡಿ. ಇದನ್ನು ಮರೆಯಬಾರದು.

ತಿರುಳು ಬಿಸಿಯಾದ ಮೇಲೆ ಸಕ್ಕರೆ ಸೇರಿಸಿ ತಿರುವುತ್ತಾ ಕುದಿಸಿ. ಗಟ್ಟಿಯಾಗುತ್ತಾ ಬಂದಂತೆ ಅದು ಸಿಡಿಯುತ್ತದೆ. ಉದ್ದನೆಯ ಹಿಡಿಯ ಸೌಟು ಬಳಸಿ, ಮಕ್ಕಳನ್ನು ದೂರವಿಡಿ. ಮುಗಿಯುವ ಹೊತ್ತಿಗೆ ನಿಂಬೆರಸ ಸೇರಿಸಿ. ಹುಳಿಯಿಲ್ಲದೆ ಪೆಕ್ಟಿನ್ ಸರಿಯಾಗಿ ಹೆಪ್ಪುಗಟ್ಟದು.

ಆಯಿತೆಂದು ತಿಳಿಯುವುದು ಹೇಗೆ? ಇದಕ್ಕೆ ತಕ್ಕಡಿಯೇ ನಂಬಿಕೆಯ ಸಾಕ್ಷಿ. ಸಿದ್ಧವಾದ ಜಾಮಿನ ತೂಕ ಹಾಕಿದ ಸಕ್ಕರೆಯ ತೂಕದ ಒಂದೂವರೆ ಪಟ್ಟಿಗೆ ಬರಬೇಕು. ನಾವು ಹಾಕಿದ್ದು ೭೫೦ ಗ್ರಾಂ. ಅದರ ಒಂದೂವರೆ ಪಟ್ಟು ೧,೧೨೫ ಗ್ರಾಂ. ಒಲೆಗೇರಿದ್ದು ತಿರುಳು, ಸಕ್ಕರೆ ಸೇರಿ ೧,೭೫೦ ಗ್ರಾಂ. ಅಂದರೆ ನಿಂಬೆರಸವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ೬೨೫ ಗ್ರಾಂ ನೀರು ಆವಿಯಾಗಬೇಕು. ಪಾತ್ರೆಯ ತೂಕ ಕಳೆದು ೧,೧೨೫ ಬಂದೊಡನೆ ಒಲೆ ಆರಿಸಿ. ಐದನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕವಿದು. ತಕ್ಕಡಿಯಿಲ್ಲದವರು ತಣ್ಣೀರಿನ ಲೋಟಕ್ಕೆ ಒಂದು ತೊಟ್ಟು ಬಿಟ್ಟು ನೋಡಲಿ: ಕದಡದೆ ಉಂಡೆಯಾಗಿ ತಳಕ್ಕೆ ಕುಳಿತರೆ ಹದ ಬಂದಿದೆ.

ಶಾಖಮಾಪಕ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಜಾಮು ೧೦೫ ಡಿಗ್ರಿ ಸೆಂಟಿಗ್ರೇಡಿಗೆ ಸಿದ್ಧವೆಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ಕಾಸರಗೋಡಿನಂಥ ಕಡಲ ದಡದ ಲೆಕ್ಕ. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಸುಮಾರು ೩೦೦ ಮೀಟರ್ ಏರಿದರೆ ಒಂದು ಡಿಗ್ರಿ ಇಳಿಯುತ್ತದೆ. ಸುಮಾರು ೨,೨೪೦ ಮೀಟರ್ ಎತ್ತರದ ಉದಕಮಂಡಲದಲ್ಲಿ ನೀರು ೯೨-೯೩ ಡಿಗ್ರಿಗೇ ಕುದಿಯುತ್ತದೆ. ಅಲ್ಲಿಯ ನೀಲಗಿರಿ ಬಂಧುಗಳು ೧೦೫ ಬರಲೆಂದು ಕಾಯುತ್ತಾ ಕುಳಿತರೆ ಜಾಮು ಹೋಗಿ ಅಂಟುಪಾಕವಾದೀತು. ಆದ್ದರಿಂದ ಮೊದಲು ನಿಮ್ಮ ಊರಿನಲ್ಲಿ ಬರಿಯ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ನೋಡಿಕೊಳ್ಳಿ. ಅದಕ್ಕೆ ೫ ಸೇರಿಸಿದರೆ ಹಚ್ಚುವ ಜಾಮು. ೭ ಸೇರಿಸಿದರೆ ಬಿಸ್ಕತ್ತಿನ ಜಾಮು. ತಕ್ಕಡಿಗೆ ಈ ತೊಡಕಿಲ್ಲ. ಅದಕ್ಕೆ ಬೆಟ್ಟವೂ ಒಂದೇ, ಬಯಲೂ ಒಂದೇ.

ಗಾಜಿನ ಸೀಸೆಗಳನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಒಣಗಿಸಿ, ಮರದ ಹಲಗೆಯ ಮೇಲಿಟ್ಟು, ಬಿಸಿ ಜಾಮನ್ನು ಬಾಯಿಯವರೆಗೆ ತುಂಬಿ ಮುಚ್ಚಿ. ಮುಂದೆ ಒದ್ದೆ ಚಮಚ ಅದ್ದಬಾರದು. ಸಕ್ಕರೆ ಎಷ್ಟಿದ್ದರೂ ಮೇಲೆ ನೀರು ತಾಗಿದ ಕಡೆ ಬೂಸಲು ಹಿಡಿಯುತ್ತದೆ.

ಹಿಟ್ಟಿನ ಹದ

ಇಪ್ಪತ್ತೈದು ಬಿಸ್ಕತ್ತಿಗೆ ಬೇಕಾಗುವ ಸಾಮಾನು ಇಷ್ಟು: ಮೈದಾ ೨೫೦ ಗ್ರಾಂ, ತುಪ್ಪ ೧೫೦ ಗ್ರಾಂ, ಪುಡಿ ಮಾಡಿದ ಸಕ್ಕರೆ ೧೦೦ ಗ್ರಾಂ, ಏಲಕ್ಕಿ ಪುಡಿ, ಒಂದು ಚಿಟಿಕೆ ಉಪ್ಪು, ಬೇಕಾದರೆ ಒಂದೆರಡು ಚಮಚ ಹಾಲು. ಇದು ಹೆಚ್ಚುಕಡಿಮೆ ನಾನ್‌ಖಟಾಯಿಯ ಹಿಟ್ಟೇ. ಆದರೆ ಸೋಡಾ ಹಾಕಬಾರದು. ಸೋಡಾ ಹಿಟ್ಟನ್ನು ಉಬ್ಬಿಸಿ ನಾವು ಮಾಡಿದ ಕುಳಿಯನ್ನು ಮುಚ್ಚಿಬಿಡುತ್ತದೆ.

ರಾಗಿ ಬೆಳೆಯುವ ಸೀಮೆಯವರು ಮೈದಾದ ಮೂರರಲ್ಲೊಂದು ಪಾಲಿಗೆ ಹುರಿದ ರಾಗಿಹಿಟ್ಟು ಹಾಕಬಹುದು, ಘಮ ಚೆನ್ನಾಗಿರುತ್ತದೆ. ಅದಕ್ಕಿಂತ ಹೆಚ್ಚಿದರೆ ಬಿಸ್ಕತ್ತು ಪುಡಿಯಾಗುತ್ತದೆ. ಗೋಧಿಯಲ್ಲಿರುವ ಹಿಡಿತ ರಾಗಿಗೂ ಜೋಳಕ್ಕೂ ಇಲ್ಲ. ಡಾಲ್ಡಾ ಬಳಸುವವರುಂಟು. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ತಿಳಿದ ಮೇಲೆ ೨೦೨೨ರಿಂದ ಅದನ್ನು ನೂರಕ್ಕೆ ಎರಡರೊಳಗೆ ಇಡಬೇಕೆಂದು ಸರ್ಕಾರ ನಿಯಮ ಮಾಡಿದೆ. ಆದರೂ ಮನೆಯ ತುಪ್ಪದ ರುಚಿಗೆ ಅದು ಸಾಟಿಯಲ್ಲ.

ಗಟ್ಟಿಯಾದ ತುಪ್ಪವನ್ನು ಸಕ್ಕರೆ ಪುಡಿಯೊಡನೆ ಅಂಗೈಯಿಂದ ಬೆಳ್ಳಗಾಗುವವರೆಗೆ ತಿಕ್ಕಿ. ಆಮೇಲೆ ಹಿಟ್ಟು ಸೇರಿಸಿ ಉಂಡೆಗೆ ಬರುವಷ್ಟು ಮಾತ್ರ ಕಲಸಿ. ಚಪಾತಿ ಹಿಟ್ಟಿನಂತೆ ನಾದಬಾರದು. ನಾದಿದರೆ ಗೋಧಿಯ ಜಿಗುಟು ಎದ್ದು ಬಿಸ್ಕತ್ತು ಗಡಸಾಗುತ್ತದೆ. ಅರ್ಧ ಗಂಟೆ ತಂಪಾದ ಕಡೆ ಇಡಿ. ತಲಾ ೨೦ ಗ್ರಾಂ, ಅಂದರೆ ದೊಡ್ಡ ನಿಂಬೆಗಿಂತ ಚಿಕ್ಕದಾದ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ನಡುವೆ ಕುಳಿ ಒತ್ತಿ. ತಳ ತೂತಾಗಬಾರದು. ಅಂಚು ಬಿರಿದರೆ ಅಲ್ಲಿಯೇ ಬೆರಳಿನಿಂದ ಸವರಿ ಕೂಡಿಸಿ. ಬಿಟ್ಟರೆ ಜಾಮು ಆ ಬಿರುಕಿನಿಂದಲೇ ಹರಿಯುತ್ತದೆ.

ಭಟ್ಟಿಯಿಲ್ಲದವರ ಭಟ್ಟಿ

ವಿದ್ಯುತ್ ಒಲೆಪೆಟ್ಟಿಗೆ ಇದ್ದವರು ಅದನ್ನು ೧೭೦-೧೮೦ ಡಿಗ್ರಿಗೆ ಕಾಯಿಸಿಕೊಂಡರಾಯಿತು. ಇಲ್ಲದವರು ದಪ್ಪ ತಳದ ಹಳೆಯ ದಬರಿ ತೆಗೆದುಕೊಳ್ಳಿ. ತಳದಲ್ಲಿ ಎರಡು ಬೆರಳು ಎತ್ತರಕ್ಕೆ ತೊಳೆದು ಒಣಗಿಸಿದ ಮರಳು ಹರಡಿ. ಅದರ ಮೇಲೆ ಕಬ್ಬಿಣದ ಸಿಂಬೆಯಿಟ್ಟು, ಮೇಲೊಂದು ತಟ್ಟೆ. ಬಾಯಿಗೆ ಬಿಗಿಯಾದ ಮುಚ್ಚಳ. ಮರಳು ಶಾಖವನ್ನು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಸಿಂಬೆಯು ತಟ್ಟೆಯ ತಳ ಸೀಯದಂತೆ ಕಾಯುತ್ತದೆ. ಅಂಟದ ಲೇಪನವಿರುವ ಪಾತ್ರೆಯನ್ನು ಹೀಗೆ ಬರಿದಾಗಿ ಕಾಯಿಸಬಾರದು. ಲೇಪನ ಕೆಟ್ಟು ಹೊಗೆ ಬರುತ್ತದೆ. ನಿತ್ಯದ ಕುಕ್ಕರನ್ನೂ ಇದಕ್ಕೆ ಹಾಳುಮಾಡುವುದು ಬೇಡ.

ನಡು ಉರಿಯಲ್ಲಿ ಕಾಲು ಗಂಟೆ ಬರಿದೇ ಕಾಯಿಸಿ. ಸೌದೆ ಒಲೆಯವರು ಮುಚ್ಚಳದ ಮೇಲೂ ಒಂದು ಹಿಡಿ ಕೆಂಡ ಹರಡಿದರೆ ಮೇಲ್ಭಾಗವೂ ಕೆಂಪಗಾಗುತ್ತದೆ. ಆದರೆ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬಾರದು. ಅದರ ಅನಿಲ ಪ್ರಾಣಕ್ಕೆ ಅಪಾಯ.

ಮೊದಲು ಒಂದೇ ಒಂದು ಬಿಸ್ಕತ್ತು ಇಟ್ಟು ಬೇಯಿಸಿ. ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳು ಸಾಕಲ್ಲವೇ? ಅದು ಹರಡಿಕೊಂಡರೆ ಉಳಿದ ಹಿಟ್ಟಿಗೆ ಎರಡು ಚಮಚ ಮೈದಾ ಸೇರಿಸಿ. ಬಿರಿದರೆ ಒಂದು ಚಮಚ ಹಾಲು ಚಿಮುಕಿಸಿ. ತಳ ಸೀದರೆ ಉರಿ ತಗ್ಗಿಸಿ. ಒಂದು ಬಿಸ್ಕತ್ತಿನ ನಷ್ಟದಲ್ಲಿ ಇಪ್ಪತ್ತನಾಲ್ಕು ಉಳಿಯುತ್ತವೆ.

ಜಾಮು ತುಂಬುವ ಹೊತ್ತು

ಇದೊಂದು ಗುಟ್ಟು. ಹಸಿ ಹಿಟ್ಟಿನಲ್ಲೇ ಜಾಮು ತುಂಬಿ ಕೊನೆಯವರೆಗೂ ಬೇಯಿಸಿದರೆ ಜಾಮು ಬಹಳ ಹೊತ್ತು ಕಾಯ್ದು ರಬ್ಬರಿನಂತಾಗುತ್ತದೆ. ಎಲ್ಲ ಬೆಂದ ಮೇಲೆ ತಣ್ಣನೆಯ ಜಾಮು ಹಾಕಿದರೆ ಅದು ಕುಳಿಯಲ್ಲಿ ಕೂಡಿಕೊಳ್ಳದೆ ಕೈಗೆ, ಡಬ್ಬಿಗೆ ಅಂಟುತ್ತದೆ. ಆದ್ದರಿಂದ ಬೇಯುವ ಕೆಲಸವನ್ನು ಎರಡು ಭಾಗ ಮಾಡತಕ್ಕದ್ದು.

ಮೊದಲು ಬರಿಯ ಕುಳಿ ಬಿಸ್ಕತ್ತನ್ನು ಒಲೆಪೆಟ್ಟಿಗೆಯಲ್ಲಾದರೆ ಹತ್ತು ನಿಮಿಷ, ಮರಳಿನ ದಬರಿಯಲ್ಲಾದರೆ ಸುಮಾರು ಕಾಲು ಗಂಟೆ ಬೇಯಿಸಿ. ಹೊರಗೆ ತೆಗೆದು, ಕುಳಿ ತುಸು ಮೇಲೆದ್ದಿದ್ದರೆ ಸೌಟಿನ ಹಿಡಿಯ ತುದಿಯಿಂದ ಮೆಲ್ಲನೆ ಒತ್ತಿ. ಬೆಚ್ಚಗೆ ಮಾಡಿದ ಜಾಮನ್ನು ಅರ್ಧ ಚಮಚದಂತೆ, ಅಂದರೆ ೫ ಗ್ರಾಮಿನೊಳಗೆ, ಕುಳಿಯ ಅಂಚಿಗಿಂತ ಒಂದು ಕೂದಲೆಳೆ ಕೆಳಗಿರುವಂತೆ ತುಂಬಿ. ಮತ್ತೆ ಆರೇಳು ನಿಮಿಷ ಶಾಖಕ್ಕಿಡಿ. ಅಂಚು ಹೊಂಬಣ್ಣಕ್ಕೆ ತಿರುಗಿದಾಗ ಇಳಿಸಿ. ಇಪ್ಪತ್ತೈದು ಬಿಸ್ಕತ್ತಿಗೆ ಸುಮಾರು ೧೨೦ ಗ್ರಾಂ ಜಾಮು ಸಾಕು; ಉಳಿದದ್ದು ಸೀಸೆಯಲ್ಲಿ ಮುಂದಿನ ತಿಂಗಳುಗಳಿಗೆ ಇರುತ್ತದೆ.

ಬಿಸಿಯಿದ್ದಾಗ ಬಿಸ್ಕತ್ತು ಮೆತ್ತಗೇ ಇರುತ್ತದೆ. ಬೆಂದಿಲ್ಲವೆಂದು ಮತ್ತೆ ಒಲೆಗಿಡಬಾರದು. ತಟ್ಟೆಯಲ್ಲಿಯೇ ಹತ್ತು ನಿಮಿಷ ಬಿಟ್ಟರೆ ತಾನೇ ಗಟ್ಟಿಯಾಗುತ್ತದೆ. ಅನಂತರ ಬೋರಲು ಹಾಕಿದ ಜರಡಿಯ ಮೇಲೆ ಹರಡಿ. ಕೆಳಗಿನಿಂದಲೂ ಗಾಳಿಯಾಡಿ ಆವಿ ಹೋಗುತ್ತದೆ. ಪೂರ್ತಿ ಆರುವ ಮೊದಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಎಲ್ಲವೂ ಮೆತ್ತಗಾಗುತ್ತವೆ.

ಎಷ್ಟು ದಿನ ಇಡಬಹುದು?

ಜಾಮಿನಲ್ಲಿ ಉಳಿದ ನೀರು ಸುಮ್ಮನೆ ಕೂರುವುದಿಲ್ಲ. ಒದ್ದೆಯ ಕಡೆಯಿಂದ ಒಣಗಿದ ಕಡೆಗೆ, ಎರಡೂ ಸಮವಾಗುವವರೆಗೆ ಅದು ನಿಧಾನವಾಗಿ ಸರಿಯುತ್ತಿರುತ್ತದೆ. ಆದ್ದರಿಂದ ಎಷ್ಟು ಚೆನ್ನಾಗಿ ಮಾಡಿದರೂ ಜಾಮು ತುಂಬಿದ ಬಿಸ್ಕತ್ತು ಮೂರು ನಾಲ್ಕು ದಿನದಲ್ಲಿ ಗರಿಮುರಿ ಕಳೆದುಕೊಳ್ಳುತ್ತದೆ. ವಾರದೊಳಗೆ ತಿಂದು ಮುಗಿಸುವುದು ಲೇಸು. ಹೆಚ್ಚು ಮಾಡಿಡುವವರು ಬರಿಯ ಕುಳಿ ಬಿಸ್ಕತ್ತನ್ನು ಪೂರ್ತಿ ಬೇಯಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಲಿ. ಅದು ಎರಡು ವಾರ ನಿಲ್ಲುತ್ತದೆ. ನೆಂಟರು ಬಂದ ದಿನ ಬೇಕಾದಷ್ಟಕ್ಕೆ ಕುದಿ ಬಂದ ಜಾಮು ತುಂಬಿ ಆರಲು ಬಿಟ್ಟರೆ ಹೊಸದರಂತೆಯೇ ಇರುತ್ತದೆ.

ತಿನ್ನುವವರಿಗೂ ಮಾರುವವರಿಗೂ ಎರಡು ಮಾತು

ಮನೆಯದೆಂದ ಮಾತ್ರಕ್ಕೆ ಸಕ್ಕರೆ ಸಕ್ಕರೆಯಾಗದೆ ಹೋಗದು. ಲೆಕ್ಕ ಹಾಕಿ ನೋಡೋಣ. ಹಿಟ್ಟಿನಲ್ಲಿ ೧೦೦ ಗ್ರಾಂ ಸಕ್ಕರೆ. ನಮ್ಮ ಜಾಮಿನ ಮೂರರಲ್ಲಿ ಎರಡು ಪಾಲು ಸಕ್ಕರೆ. ೧೨೦ ಗ್ರಾಂ ಜಾಮಿನಲ್ಲಿ ೮೦ ಗ್ರಾಂ. ಒಟ್ಟು ೧೮೦ ಗ್ರಾಮನ್ನು ೨೫ಕ್ಕೆ ಹಂಚಿದರೆ ಒಂದೊಂದಕ್ಕೆ ಸುಮಾರು ೭ ಗ್ರಾಂ ಸಕ್ಕರೆ, ಜೊತೆಗೆ ೬ ಗ್ರಾಂ ತುಪ್ಪ. ಮಗುವಿಗೆ ದಿನಕ್ಕೆ ಎರಡು ಬಿಸ್ಕತ್ತು ಧಾರಾಳವಾಯಿತು. ಸಕ್ಕರೆ ಕಾಯಿಲೆಯವರಿಗೆ ಇದು ಸಲ್ಲದು. ರಾಗಿ ಸೇರಿಸಿದ ಮಾತ್ರಕ್ಕೆ ಸಲ್ಲುವುದೂ ಇಲ್ಲ. ಇನ್ನೊಂದು ಮಾತು: ಸೀಬೆಯಲ್ಲಿ ಕಿತ್ತಳೆಗಿಂತ ಹಲವು ಪಟ್ಟು ‘ಸಿ’ ಜೀವಸತ್ವವುಂಟು, ಕುದಿಸಿದಾಗ ಅದರ ಬಹು ಭಾಗ ನಾಶವಾಗುತ್ತದೆ. ಆದ್ದರಿಂದ ಮಕ್ಕಳು ಮೊದಲು ಹಸಿ ಹಣ್ಣನ್ನು ಹೊಟ್ಟೆ ತುಂಬ ತಿನ್ನಲಿ. ತಿಂದು, ಮಾರಿ, ನೆರೆಮನೆಗೆ ಕೊಟ್ಟು ಉಳಿದ ಹಣ್ಣಿಗೆ ಜಾಮಿನ ದಾರಿ.

ಮಹಿಳಾ ಸಂಘದವರು ಇದನ್ನು ಮಾರಲು ಯೋಚಿಸಬಹುದು. ಯೋಚಿಸುವ ಮೊದಲು ಕಾಗದ ಹಿಡಿದು ಖರ್ಚು ಬರೆಯಿರಿ: ಹಣ್ಣು, ಸಕ್ಕರೆ, ತುಪ್ಪ, ಮೈದಾ, ಅಡಿಗೆ ಅನಿಲ, ಡಬ್ಬಿ, ಮತ್ತು ನಿಮ್ಮ ಕೈಗೆಲಸದ ಕೂಲಿ. ಇದರಲ್ಲಿ ತುಪ್ಪದ ಬಾಬ್ತೇ ದೊಡ್ಡದು. ಹಿತ್ತಲ ಹಣ್ಣಿನದು ಚಿಕ್ಕದು. ಕೂಲಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಲಾಭ ಬಂದಂತೆ ಕಂಡು ದುಡಿಮೆ ಪುಕ್ಕಟೆಯಾಗುತ್ತದೆ. ತಿನಿಸು ಮಾರುವವರು ಎಷ್ಟೇ ಚಿಕ್ಕವರಾಗಿದ್ದರೂ ೨೦೦೬ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಹೆಸರು ನೋಂದಾಯಿಸಬೇಕು. ಪೊಟ್ಟಣದ ಮೇಲೆ ಒಳಗಿರುವ ಸಾಮಾನು, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕೆಂಬುದು ಇರಬೇಕು. ಗಡಿಯ ಊರುಗಳಲ್ಲಿ ಅದನ್ನು ರಾಜ್ಯಭಾಷೆಯ ಜೊತೆಗೆ ಕನ್ನಡದಲ್ಲಿಯೂ ಬರೆದರೆ ನಮ್ಮ ಮನೆಯ ಹಿರಿಯರೂ ಓದಿ ತಿಳಿಯುತ್ತಾರೆ.

ಇಷ್ಟರಲ್ಲಿ ನೆನಪಿಡಬೇಕಾದ್ದು ಮೂರು ತೂಕ: ತಿರುಳಿನದು, ಸಕ್ಕರೆಯದು, ಬರಿಯ ಪಾತ್ರೆಯದು. ಈ ಮೂರನ್ನು ಬರೆದುಕೊಂಡು ಒಲೆ ಹೊತ್ತಿಸಿದವರ ಜಾಮು ಕೆಡುವುದು ಅಪರೂಪ; ಜಾಮು ಕೆಡದಿದ್ದರೆ ಬಿಸ್ಕತ್ತೂ ಕೆಡದು. ಮುಂದಿನ ಚಳಿಗಾಲದ ಬೆಳೆಯಲ್ಲಿ ಒಂದು ಕಿಲೋ ತಿರುಳಿನಿಂದ ಆರಂಭಿಸಿ ನೋಡಿ.